ತಟ್ಟಿ ನೋಡುವ ಪಾಠ

ಆ ಪೆಟ್ಟಿಗೆ ನಮ್ಮ ಶಾಲೆಗೆ ಬಂದ ದಿನವೇ ನನಗೆ ಪಿತ್ತ ನೆತ್ತಿಗೇರಿತ್ತು.

ಖಾನಾಪುರದ ಅಂಚಿನ ಸರಕಾರಿ ಕನ್ನಡ ಶಾಲೆಯಲ್ಲಿ ನಾನು ಒಂದನೆಯ ತರಗತಿಯ ಟೀಚರು. ಕಟ್ಟಿಗೆ ಯಾವುದು, ಕಬ್ಬಿಣ ಯಾವುದು, ಗಾಜು, ಮಣ್ಣು, ಬಟ್ಟೆ ಯಾವುದು ಎಂದು ಚಿಕ್ಕ ಮಕ್ಕಳಿಗೆ ಗುರುತು ಹಿಡಿಸುವ ಪಾಠವೊಂದು ನಮಗಿದೆ. ಅದಕ್ಕೆಂದೇ ಮೇಲಿನಿಂದ ಕಳಿಸಿದ ಕಲಿಕಾ ಪೆಟ್ಟಿಗೆ ಅದು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹಬ್ಬದ ಬುತ್ತಿ ಬಿಚ್ಚುವಷ್ಟು ಸಂಭ್ರಮದಿಂದ ಬಿಚ್ಚಿದೆ. ಒಳಗೆ ಕಂದು ಬಣ್ಣದ ತುಂಡೊಂದು, ಮೇಲೆ ಗೆರೆಗಳ ಅಚ್ಚು, ‘ಮರ’ ಎಂಬ ಚೀಟಿ. ಬೆಳ್ಳಿ ಬಣ್ಣ ಬಳಿದ ಚಮಚ, ಅದಕ್ಕೆ ‘ಲೋಹ’. ಬೂದು ಬಣ್ಣದ ಉಂಡೆಗೆ ‘ಕಲ್ಲು’. ಪುಟ್ಟ ಕೆಂಪು ಗಡಿಗೆಗೆ ‘ಮಣ್ಣು’. ಎಲ್ಲವೂ ಪ್ಲಾಸ್ಟಿಕ್ಕು. ಕಲ್ಲನ್ನು ಮೇಲಕ್ಕೆಸೆದು ಹಿಡಿದೆ, ಒಣಗಿದ ನಿಂಬೆಹಣ್ಣಿನಷ್ಟೂ ಭಾರವಿರಲಿಲ್ಲ.

ಹೆಡ್ ಮಾಸ್ತರರಿಗೆ ಮಾತ್ರ ಅದು ಬಹಳ ಹಿಡಿಸಿತು. “ಛಲೋ ಅದ ಅಲ್ರೀ ಅಕ್ಕಾರ. ಒಡ್ಯಂಗಿಲ್ಲ, ತುಕ್ಕ ಹಿಡ್ಯಂಗಿಲ್ಲ. ನಾವು ರಿಟೈರ್ ಆಗೂ ತನಕ ಬಾಳಕಿ ಬರತೈತಿ.”

“ತುಕ್ಕ ಹಿಡೀಲಿಲ್ಲಂದ್ರ ಅದು ಕಬ್ಬಿಣ ಹೆಂಗ ಆಗತೈತ್ರೀ ಸರ?” ಎಂದೆ. ಅವರು ನಕ್ಕು ಸ್ಟಾಕು ಬರೆದುಕೊಳ್ಳಲು ಹೋದರು.

ಮುಂದಿನ ತಿಂಗಳು ತಪಾಸಣೆಗೆ ಸಾಹೇಬರೊಬ್ಬರು ಬಂದರು. ಕೈಯಲ್ಲಿ ಮೊಬೈಲು, ಅದರಲ್ಲಿ ಪ್ರಶ್ನೆಗಳು. ಚಮಚ ಎತ್ತಿ ಹಿಡಿದು “ಇದು ಯಾವುದರಿಂದ ಆಗಿದೆ?” ಎಂದರು. “ಪ್ಲಾಸ್ಟಿಕ್ರೀ” ಎಂದು ಇಡೀ ತರಗತಿ ಕೂಗಿತು. ಕಲ್ಲು ಎತ್ತಿದರು. “ಪ್ಲಾಸ್ಟಿಕ್ರೀ.” ಗಡಿಗೆ ಎತ್ತಿದರು, ಮತ್ತೆ ಅದೇ ಉತ್ತರ. ಅವರು ಒಂದೊಂದಕ್ಕೂ ತಪ್ಪು ಗುರುತು ಒತ್ತುತ್ತಾ ಹೋದರು. ಮಕ್ಕಳು ಖರೆ ಹೇಳುತ್ತಿದ್ದಾರೆ ಸಾರ್ ಎಂದೆ. “ಇರಬಹುದು ಮೇಡಂ, ಆದರೆ ಇದರಲ್ಲಿ ಉತ್ತರ ‘ಲೋಹ’ ಅಂತ ಇದೆ” ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಚಹಾ ಕುಡಿದು, ಮಕ್ಕಳ ತಲೆ ಸವರಿ, ನನ್ನ ತರಗತಿಗೆ ವಸ್ತುಗಳ ಪರಿಚಯವಿಲ್ಲ ಎಂದು ದಾಖಲಿಸಿ ಹೋದರು. ಆ ಸಂಜೆ ಬಸ್ಸಿನಲ್ಲಿ ಬೆಳಗಾವಿ ಮುಟ್ಟುವ ತನಕ ನಾನು ಅವರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಳಗೊಳಗೇ ಕೊಡುತ್ತಿದ್ದೆ.

ಸರಿ, ಇವರನ್ನು ನೆಚ್ಚಿ ಕೂತರೆ ಆಗುವ ಕೆಲಸವಲ್ಲ ಎಂದು ರವಿವಾರ ಪೇಟೆಗೆ ಹೋದೆ. ಹಿತ್ತಾಳೆಯ ತಂಬಿಗೆ ಒಂದು ಬೇಕು ಎಂದರೆ ಹೋಲ್‌ಸೇಲ್ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಒಂದ ತಗೊಂಡ ಏನ್ ಮಾಡ್ತೀರಿ? ಡಜನ್ ಒಯ್ರಿ.” ಅವನ ಹತ್ತಿರ ಹತ್ತು ನಿಮಿಷ ಹುಜ್ಜತು ಹಾಕಿ ಒಂದೇ ತಂದೆ. ಗಾಜಿನ ಬಾಟಲಿ ಮನೆಯಲ್ಲಿತ್ತು. ಸಾಗವಾನಿಯ ತುಂಡು, ಕಬ್ಬಿಣದ ಕೊಂಡಿ, ಹಂಚಿನ ಚೂರು, ಹಳೆಯ ಸೀರೆಯ ಅಂಚು ಕೂಡಿಸಿದೆ. ಚಪ್ಪಲಿ ಹೊಲಿಯುವವನನ್ನು ಕೇಳಿ ಅಂಗೈಯಗಲದ ತೊಗಲೂ ತಂದೆ. ಅಲ್ಲಿಗೆ ಮನೆಯಲ್ಲಿ ರಾದ್ಧಾಂತ.

ನಮ್ಮದು ಜೈನರ ಮನೆ. ಬೆಳಗಾವಿಯ ರಾಮತೀರ್ಥ ನಗರಕ್ಕೆ ಬಂದು ವರ್ಷಗಳಾದರೂ ನಮ್ಮತ್ತೆಯ ಅಡುಗೆಮನೆ ಅವರ ತವರಿನ ಹಳ್ಳಿಯಿಂದ ಒಂದು ಗೇಣೂ ಸರಿದಿಲ್ಲ. ಚೀಲದೊಳಗೆ ಇಣುಕಿ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. “ತೊಗಲ ಮನ್ಯಾಗ ತಂದೀಯೇನವಾ? ಅದೇನ್ ಸಾಲಿ, ಅದೇನ್ ಪಾಠ!”

“ಹುಡುಗರು ಮುಟ್ಟಿ ನೋಡ್ಬೇಕ್ರೀ ಅತ್ತಿ.”

“ಮುಟ್ಟಲಿ. ಅಲ್ಲೇ ಸಾಲ್ಯಾಗ ಮುಟ್ಟಲಿ. ನನ್ನ ಮನಿ ಹೊಚ್ಚಲಾ ದಾಟಿ ಬರೂದು ಬ್ಯಾಡ.”

ಅಂದಿನಿಂದ ನನ್ನ ಪಾಠದ ಚೀಲ ಕಾಂಪೌಂಡಿನ ಗೇಟಿಗೆ ನೇತು ಬಿದ್ದಿರುತ್ತಿತ್ತು. ಮಳೆ ಬಂದರೆ ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ. ನನಗೇ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಇಷ್ಟೆಲ್ಲ ಪಾಡು ಪಟ್ಟಿದ್ದಕ್ಕೆ ತರಗತಿಯಲ್ಲಿ ಮಾತ್ರ ನನಗೆ ಸುಖವಿತ್ತು. ಖಾನಾಪುರದ ಆ ಭಾಗದಲ್ಲಿ ಹಂಚಿನ ಭಟ್ಟಿಗಳು, ಕುಂಬಾರಿಕೆ ಬಹಳ. ಅಲ್ಲಿಯ ಮಕ್ಕಳಿಗೆ ಏನನ್ನೇ ಕೊಡಿ, ಬೆರಳಿನ ಗಿಣ್ಣಿನಿಂದ ಒಂದು ಸಲ ತಟ್ಟಿ ಕಿವಿ ಹಚ್ಚುತ್ತವೆ. ಮನೆಯಲ್ಲಿ ದೊಡ್ಡವರು ಗಡಿಗೆ ಕೊಳ್ಳುವಾಗ, ಹಂಚು ಆರಿಸುವಾಗ ಮಾಡುವುದನ್ನು ನೋಡಿ ಬಂದ ಅಭ್ಯಾಸ. ಠಣ್ ಎಂದರೆ ಚೆನ್ನಾಗಿ ಸುಟ್ಟಿದೆ, ಬಿರುಕಿಲ್ಲ. ಮಂಕಾಗಿ ಸದ್ದು ಬಂದರೆ ಕೆಲಸಕ್ಕೆ ಬಾರದು. ನನ್ನ ಮಕ್ಕಳು ಹಿತ್ತಾಳೆ ತಂಬಿಗೆಯನ್ನೂ ತಟ್ಟಿದವು, ಸೀರೆಯ ಅಂಚನ್ನೂ ತಟ್ಟಿದವು.

ಅದನ್ನೇ ಹಿಡಿದು ಒಂದು ಆಟ ಮಾಡಿದೆ. ಎಲ್ಲರೂ ಗೋಡೆಗೆ ಮುಖ ಮಾಡಿ ಕೂರಬೇಕು. ಹಿಂದೆ ನಾನು ಒಂದೊಂದೇ ವಸ್ತುವನ್ನು ಕೈಯಲ್ಲೆತ್ತಿ ತಟ್ಟುತ್ತೇನೆ. ಅದು ಯಾವುದರದ್ದು ಎಂದು ಕೂಗಬೇಕು. ‘ಹಿತ್ತಾಳಿ’, ‘ಗಾಜು’, ‘ಕಟಗಿ’ ಎಂದು ಮಾಡು ಹಾರಿ ಹೋಗುವ ಹಾಗೆ ಕೂಗುತ್ತಿದ್ದರು. ಕೆಲವರ ಬಾಯಿಗೆ ಮರಾಠಿಯ ‘ಕಾಚ’, ‘ಲಾಕೂಡ’ ಬಂದರೂ ನಾನು ತಡೆಯುತ್ತಿರಲಿಲ್ಲ. ಪಕ್ಕದ ತರಗತಿಯಿಂದ ದೂರು ಬಂತು, ಹೆಡ್ ಮಾಸ್ತರರು ಕಿಟಕಿಯಲ್ಲಿ ನಿಂತು ಕೆಮ್ಮಿದರು. ನಾನು ನೋಡಿಯೂ ನೋಡದ ಹಾಗಿದ್ದೆ.

ಆ ಮಕ್ಕಳಲ್ಲಿ ಒಬ್ಬ ಹುಡುಗಿ. ಮನೆಯಿಂದ ಒಂದೊಂದು ವಸ್ತು ತನ್ನಿ ಎಂದರೆ ಕಂಬಳಿಯ ಮೂಲೆಯನ್ನು ಕತ್ತರಿಸಿಕೊಂಡು ಬಂದವಳು, ಅದಕ್ಕಾಗಿ ಮನೆಯಲ್ಲಿ ಬೈಸಿಕೊಂಡಿದ್ದಳು. ಅಪ್ಪನ ಮನೆತನದವರು ಹಿಂದೆ ಕುರಿ ಕಾಯುತ್ತಿದ್ದವರು, ಅಪ್ಪನಿಗೆ ಈಗ ಹಂಚಿನ ಕಾರ್ಖಾನೆಯಲ್ಲಿ ಪಗಾರದ ಕೆಲಸ. ತಾಯಿಯ ಮನೆಮಾತು ಮರಾಠಿ. ಹುಡುಗಿ ಮಾತನಾಡುವುದೇ ಅಪರೂಪ, ಆಡಿದರೂ ಅರ್ಧಂಬರ್ಧ. ಆದರೆ ವಸ್ತುಗಳನ್ನು ರಾಶಿ ಹಾಕಿ ಬೇರೆ ಬೇರೆ ಮಾಡು ಎಂದು ತೋರಿಸಿದರೆ ಎಲ್ಲರಿಗಿಂತ ಮೊದಲು ಅವಳದೇ ಮುಗಿಯುತ್ತಿತ್ತು. ನುಣುಪಾದ ಹಂಚಿನ ಚೂರನ್ನೂ ಕಲ್ಲನ್ನೂ ಉಳಿದವರು ಬೆರೆಸಿಬಿಡುತ್ತಿದ್ದರು. ಅವಳು ಎರಡನ್ನೂ ಕೆನ್ನೆಗೆ ಹಚ್ಚಿ ನೋಡಿ ಸರಿಯಾದ ಕಡೆ ಇಡುತ್ತಿದ್ದಳು.

ಗೋಡೆಯ ಆಟದಲ್ಲಿ ಅವಳ ಉತ್ತರ ಯಾವಾಗಲೂ ಒಂದು ಗಳಿಗೆ ತಡ. ಪಕ್ಕದವಳ ಬಾಯಿ ನೋಡುತ್ತಾಳೆ, ಆಮೇಲೆ ತಾನೂ ಬಾಯಿ ಆಡಿಸುತ್ತಾಳೆ. ನಾಚಿಕೆ ಸ್ವಭಾವ ಎಂದುಕೊಂಡಿದ್ದೆ. ಒಂದು ದಿನ ಪಕ್ಕದ ಹುಡುಗಿ ಬಂದಿರಲಿಲ್ಲ. ಸಾಲಿನ ಕೊನೆಗೆ ಇವಳೊಬ್ಬಳೇ. ಅವತ್ತು ಒಬ್ಬೊಬ್ಬರನ್ನೇ ಕೇಳುತ್ತಿದ್ದೆ, ಇವಳ ಸರದಿ ಬಂತು, ತಂಬಿಗೆ ತಟ್ಟಿದೆ. ಹಿತ್ತಾಳೆಯ ನಾದ ಕೋಣೆಯ ತುಂಬ ನಿಂತಿತು. ಅವಳು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ ಕೂತೇ ಇದ್ದಳು. ಮತ್ತೊಮ್ಮೆ ತಟ್ಟಿದೆ. ಹಲ್ಲಿ ಓಡಿತು, ಹುಡುಗಿ ಕದಲಲಿಲ್ಲ. ಮಕ್ಕಳು ನಕ್ಕವು. ನಾನು ತಂಬಿಗೆ ಕೆಳಗಿಟ್ಟು ಆಟ ನಿಲ್ಲಿಸಿದೆ.

ಮಧ್ಯಾಹ್ನ ಊಟಕ್ಕೆ ಎಲ್ಲರನ್ನೂ ಬಿಟ್ಟು ಅವಳನ್ನು ಮಾತ್ರ ನಿಲ್ಲಿಸಿಕೊಂಡೆ. ಬೆನ್ನ ಹಿಂದೆ ನಿಂತು ಬಾಟಲಿ, ಕೊಂಡಿ, ತಂಬಿಗೆ ಎಲ್ಲವನ್ನೂ ತಟ್ಟಿದೆ. ಹೆಸರು ಹಿಡಿದು ಕರೆದೆ. ಅವಳು ಕಿಟಕಿಯಿಂದ ಊಟದ ಸಾಲನ್ನೇ ನೋಡುತ್ತಿದ್ದಳು. ಎದುರು ಬಂದು ನಿಂತಾಗ ಮಾತ್ರ ನನ್ನ ಮುಖ ನೋಡಿ ನಕ್ಕಳು. ಈ ಕೂಸಿಗೆ ಕಿವಿ ಕೇಳುವುದಿಲ್ಲ, ಇಲ್ಲವೇ ಬಹಳ ಕಡಿಮೆ ಕೇಳುತ್ತದೆ. ಅಂಗನವಾಡಿ ದಾಟಿ, ತಪಾಸಣೆ ದಾಟಿ, ನನ್ನ ಮುಂದೆ ಮೂರು ತಿಂಗಳು ಕೂತಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ.

ಗೊತ್ತಾದ ಮೇಲೆ ಸುಲಭ ಎಂದುಕೊಂಡಿದ್ದೆ. ಎಂಥ ಹುಚ್ಚಿ ನಾನು.

ಅಪ್ಪನಿಗೆ ಹೇಳಿ ಕಳಿಸಿದೆ. ಕೆಲಸದಿಂದ ನೇರ ಬಂದ, ಮೈಯೆಲ್ಲ ಕೆಂಪು ಧೂಳು. ಬೆಳಗಾವಿಯ ಕಿವಿ ಡಾಕ್ಟರಿಗೆ ತೋರಿಸಬೇಕೆಂದು ನಾನು ಹೇಳಿ ಮುಗಿಸುವ ತನಕ ತಲೆ ಆಡಿಸುತ್ತಲೇ ಇದ್ದ. ಆಮೇಲೆ ನನಗೇ ಸಮಾಧಾನ ಹೇಳುವವನ ಹಾಗೆ ಶುರು ಮಾಡಿದ. “ಅಕ್ಕಾರ್ರೀ, ಅಕಿಗೆ ಕಿವಿ ಕೇಳತಾವ್ರಿ. ಮನ್ಯಾಗ ಅಕಿ ಅವ್ವ ಮರಾಠಿ, ನಾವು ಕನ್ನಡ. ಯಾವ ಮಾತಿಗೆ ಹೊಳ್ಳಬೇಕಂತ ಕೂಸಿಗೆ ತಿಳೀವಲ್ದು, ಅದಕ್ಕ ಸುಮ್ಮ ಕುಂದರತಾಳ. ದಸರಾ ಸೂಟಿ ಮುಗದ ಮ್ಯಾಲ ಮರಾಠಿ ಸಾಲಿಗೆ ಹಾಕ್ತೇನ್ರಿ. ಸರಿ ಆಗತಾಳ.”

ಇದು ಅವನೊಬ್ಬನ ಮಾತಲ್ಲ. ತಾಯಿಯ ತವರಿನವರು ಎಲ್ಲ ಕನ್ನಡ ಶಾಲೆಯ ತಪ್ಪು ಎನ್ನುತ್ತಿದ್ದರು. ಅಪ್ಪನ ಕಡೆಯವರು, ಮನೆಯಲ್ಲಿ ಮರಾಠಿ ಆಡಿದ್ದೇ ತಪ್ಪು ಎನ್ನುತ್ತಿದ್ದರು. ಎರಡು ಕಡೆಯವರೂ ವಾದಿಸಿ ವಾದಿಸಿ ದಣಿದಿದ್ದರೇ ಹೊರತು, ಕೂಸಿನ ಬೆನ್ನ ಹಿಂದೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿರಲಿಲ್ಲ. ಖಾನಾಪುರದಲ್ಲಿ ಮಗು ಮಾತಾಡದಿದ್ದರೆ ಎರಡು ಭಾಷೆಯ ಮೇಲೆ ಹಾಕುವುದು ಎಲ್ಲರಿಗೂ ಬಾಯಿಪಾಠ. ನಮ್ಮ ತರಗತಿಯಲ್ಲೇ ಎರಡೂ ಭಾಷೆಯಲ್ಲಿ ಬೈದಾಡುವ ಹುಡುಗರು ಬೇಕಾದಷ್ಟಿದ್ದಾರೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇರೆ ಶಾಲೆಗೆ ಹೋದರೆ ಅಲ್ಲೂ ಇವಳು ಹೊಸಬಳು, ಭಾಷೆ ಬಾರದವಳು. ಇನ್ನೆರಡು ವರ್ಷ ಅದೇ ನೆಪದಲ್ಲಿ ಕಳೆಯುತ್ತದೆ. ಅಷ್ಟರಲ್ಲಿ ಮಾತು ಕಲಿಯುವ ವಯಸ್ಸು ಕೈ ತಪ್ಪುತ್ತದೆ. ಇದನ್ನು ಹೇಗೆ ಹೇಳಿದರೂ ಅವನ ತಲೆಗೆ ಇಳಿಯಲಿಲ್ಲ.

ಹೆಡ್ ಮಾಸ್ತರರ ಹತ್ತಿರ ಹೋದರೆ ಅವರ ಚಿಂತೆಯೇ ಬೇರೆ. “ಒಂದ ಹುಡುಗಿ ಕಡಿಮಿ ಆದ್ರ ನಮ್ಮ ಸಂಖ್ಯಾ ಏನಾಗತೈತಿ ಗೊತ್ತೈತಲ್ರಿ? ಸಿಹಿ ಮಾತಾಡಿ ಉಳಿಸ್ಕೋರಿ. ಕಿವಿ ಕೇಳಂಗಿಲ್ಲ ಅಂತೆಲ್ಲ ಹೇಳಿ ಜಗಳ ತಗೀಬ್ಯಾಡ್ರಿ.” ಆ ವಾರವೇ ಊರಲ್ಲಿ ಇನ್ನೊಂದು ಮಾತು ಹಬ್ಬಿತು. ಹುಡುಗಿ ಮರಾಠಿ ಶಾಲೆಗೆ ಹೋಗಬಾರದೆಂದು ಕನ್ನಡ ಟೀಚರು ಇಲ್ಲದ ರೋಗ ಹುಟ್ಟಿಸಿದ್ದಾಳೆ! ಕೇಳಿ ನನ್ನ ಮೈ ಉರಿದುಹೋಯಿತು. ಮರುದಿನ ಶಾಲೆಗೆ ಹೋಗದೆ ಮನೆಯಲ್ಲೇ ಬಿದ್ದುಕೊಳ್ಳಬೇಕು ಅನ್ನಿಸಿತು. ಆದರೂ ಹೋದೆ.

ಶಾಲೆ ಬಿಟ್ಟ ಮೇಲೆ ಕಾರ್ಖಾನೆಗೇ ನಡೆದೆ. ಅಂಗಳದಲ್ಲಿ ಭಟ್ಟಿಯಿಂದ ತೆಗೆದ ಹಂಚುಗಳ ಸಾಲು. ಅಪ್ಪನ ಕೆಲಸ ಅವುಗಳನ್ನು ಆರಿಸುವುದು. ಒಂದು ಕೈಯಲ್ಲಿ ಎತ್ತುತ್ತಾನೆ, ಇನ್ನೊಂದು ಕೈಯ ಗಿಣ್ಣಿನಿಂದ ತಟ್ಟುತ್ತಾನೆ. ಠಣ್ ಎಂದದ್ದು ಸಾಲಿಗೆ, ಎನ್ನದ್ದು ಬದಿಯ ಗುಡ್ಡೆಗೆ. ನೋಡುತ್ತಾ ನಿಂತರೆ ಕೈ ಎಲ್ಲೂ ತಡೆಯುವುದಿಲ್ಲ. ಅವನು ನನ್ನನ್ನು ನೋಡಿದ ಕೂಡಲೇ ಏಕೆ ಬಂದಿದ್ದೇನೆಂದು ತಿಳಿದುಕೊಂಡ.

“ದಿನಾ ಕಿವಿ ಮ್ಯಾಲ ಹೊಟ್ಟಿ ಹೊರಕೊಳ್ಳಾಂವ ನಾ. ನನ್ನ ಮಗಳಿಗೆ ಕೇಳಂಗಿಲ್ಲಂದ್ರ ನನಗ ತಿಳ್ಯಂಗಿಲ್ಲೇನ್ರಿ? ಇಲ್ಲೇ ತೋರಸ್ತೇನಿ ನೋಡ್ರಿ.”

ಮಗಳು ಅಲ್ಲೇ ಆಡುತ್ತಿದ್ದಳು. ಕೆಸರಿಗೆಂದು ಅಂಗಳದುದ್ದಕ್ಕೂ ಹಾಸಿದ್ದ ಹಲಗೆಯ ಒಂದು ತುದಿಯಲ್ಲಿ, ಆಚೆ ಮುಖ ಮಾಡಿಸಿ ಅವಳನ್ನು ನಿಲ್ಲಿಸಿದ. ಇನ್ನೊಂದು ತುದಿಯಲ್ಲಿ ಹಂಚೊಂದನ್ನು ನಿಲ್ಲಿಸಿ ಇನ್ನೊಂದರಿಂದ ಹೊಡೆದ. ಹುಡುಗಿ ತಟ್ಟನೆ ತಿರುಗಿದಳು. ಮತ್ತೆ ನಿಲ್ಲಿಸಿ ಮತ್ತೆ ಹೊಡೆದ. ಮತ್ತೆ ತಿರುಗಿದಳು, ಆಟವೆಂದುಕೊಂಡು ನಗತೊಡಗಿದಳು. ಸುತ್ತಲಿನವರೂ ನಕ್ಕರು. “ಆತಿಲ್ರೀ ಅಕ್ಕಾರ?” ಎಂದ ಅಪ್ಪ. ಅವನ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ, ದೊಡ್ಡದೊಂದು ಭಾರ ಇಳಿದ ನಿರಾಳವಿತ್ತು. ಅದು ನನಗೆ ಇನ್ನೂ ಕಷ್ಟವಾಯಿತು.

ಬಸ್ಸು ತಪ್ಪಿತು. ಮುಂದಿನದು ಹಿಡಿದು ಮನೆ ಸೇರಿದಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ಪಾತ್ರೆಗಳೆಲ್ಲ ತೊಳೆದು ಕವುಚಿ ಹಾಕಿದ್ದವು. ಅತ್ತೆ ನನ್ನ ಮುಖ ನೋಡಿ, “ಮಂದಿ ಮಕ್ಕಳ ಸಲುವಾಗಿ ಉಪಾಸ ಬಿದ್ದಿ ಅಲ್ಲವಾ” ಎಂದರು. ಮೊದಲೇ ಹಸಿವು, ಅದರ ಮೇಲೆ ಈ ಮಾತು. ಹೋಗಲಿ ಬಿಡು, ಅವರ ಕೂಸಿನ ಚಿಂತೆ ಅವರಿಗಿಲ್ಲದಿದ್ದರೆ ನಾನ್ಯಾಕೆ ತಲೆ ಚಚ್ಚಿಕೊಳ್ಳಲಿ ಎಂದು ನಿಶ್ಚಯಿಸಿ ಮಲಗಿದೆ. ಬೆಳಿಗ್ಗೆ ಎದ್ದಾಗ ಆ ನಿಶ್ಚಯ ಇರಲಿಲ್ಲ, ಸಿಟ್ಟು ಮಾತ್ರ ಉಳಿದಿತ್ತು.

ಆದರೂ ಅವಳು ತಿರುಗಿದ್ದು ಹೇಗೆ? ಅದು ನನ್ನನ್ನು ಬಿಡಲಿಲ್ಲ. ತಪ್ಪು ನನ್ನದೇ ಇರಬಹುದೇ ಎಂದೂ ಅನ್ನಿಸತೊಡಗಿತು. ತರಗತಿಯಲ್ಲಿ ಅವಳ ಮೇಲೆಯೇ ಕಣ್ಣಿಟ್ಟೆ. ಗೋಡೆಯುದ್ದಕ್ಕೂ ಒಂದು ಹಳೆಯ ಮರದ ಬೆಂಚಿದೆ, ವಸ್ತುಗಳನ್ನೆಲ್ಲ ಅದರ ಮೇಲೆ ಇಡುತ್ತೇನೆ. ಅವತ್ತು ಅವಳು ಬೆಂಚಿಗೆ ಅಂಗೈ ಊರಿ ನಿಂತಿದ್ದಳು. ನಾನು ಆಚೆ ತುದಿಯಲ್ಲಿ ಕಬ್ಬಿಣದ ಕೊಂಡಿಯನ್ನು ಧಪ್ಪೆಂದು ಇಟ್ಟೆ. ತಿರುಗಿದಳು. ಅದೇ ಕೊಂಡಿಯನ್ನು ದಾರದಲ್ಲಿ ನೇತು ಹಾಕಿ ಬಿಸಿಯೂಟದ ಸೌಟಿನಿಂದ ಹೊಡೆದೆ. ಗಂಟೆಯಂತೆ ಬಾರಿಸಿತು, ಉಳಿದ ಮಕ್ಕಳೆಲ್ಲ ತಿರುಗಿದವು. ಅವಳು ತಿರುಗಲಿಲ್ಲ. ಅಂಗೈಗೆ ಬಂದ ಕಂಪನ ಅವಳಿಗೆ ಗೊತ್ತಾಗುತ್ತಿತ್ತು. ಕಾರ್ಖಾನೆಯಲ್ಲಿ ಅವಳು ಬರಿಗಾಲಲ್ಲಿ ಹಲಗೆಯ ಮೇಲೆ ನಿಂತಿದ್ದಳು!

ಮತ್ತೆ ಹೋದೆ. ಮಗಳು ಅದೇ ಹಲಗೆಯ ಮೇಲೆ ಆಡುತ್ತಿದ್ದಳು. ಈ ಸಲ ಅಪ್ಪ ಹಂಚು ತಟ್ಟುವುದನ್ನು ನಿಲ್ಲಿಸಲೇ ಇಲ್ಲ. “ಒಂದ್ಸಲ ಆತಲ್ರೀ. ಎಲ್ಲಾರ ಮುಂದ ಆತು. ನಿಮಗ ಇನ್ನೇನ್ ಬೇಕು?”

ಮೆಲ್ಲಗೆ ಹೇಳಬೇಕೆಂದುಕೊಂಡೇ ಹೋಗಿದ್ದೆ. ಆಗಲಿಲ್ಲ. “ಆ ಹಲಗಿ ಮ್ಯಾಲಿಂದ ಅಕಿನ್ನ ಕೆಳಗ ಇಳಸ್ರಿ! ನಿಮ್ಮ ಮಗಳು ಕಾಲಿಂದ ಕೇಳಾಕತ್ತಾಳ್ರಿ, ಕಿವೀಲೆ ಅಲ್ಲ!” ಎಂದು ಚೀರಿದೆ. ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಪಾಲಕರ ಮೇಲೆ ಹಾಗೆ ಕೂಗಾಡಿದ್ದಿಲ್ಲ. ಈಗಲೂ ಅದಕ್ಕೆ ನಾಚಿಕೆಯೇನೂ ಇಲ್ಲ.

ಅವನ ಮುಖ ಕೆಂಪಾಯಿತು. ಸಿಟ್ಟಿನಲ್ಲೇ ಮಗಳನ್ನೆತ್ತಿ ಉಸುಕಿನ ಗುಡ್ಡೆಯ ಮೇಲೆ, ನಮಗೆ ಬೆನ್ನು ಮಾಡಿ ನಿಲ್ಲಿಸಿದ. ಸಾಲಿನಿಂದ ಒಳ್ಳೆಯದೊಂದು ಹಂಚು ಆರಿಸಿ, ಕೈಯಲ್ಲಿ ತೂಗಿ ಹಿಡಿದು ತಟ್ಟಿದ. ಠಣ್ ಎಂದಿತು. ಹುಡುಗಿ ಉಸುಕಿನಲ್ಲಿ ಹೆಬ್ಬೆರಳು ತೂರಿಸುತ್ತಿದ್ದಳು. ಮತ್ತೆ ತಟ್ಟಿದ. ಒಂದು ಹೆಜ್ಜೆ ಮುಂದೆ ಹೋಗಿ ಕಬ್ಬಿಣದ ಸಲಾಕೆಯ ತುಂಡು ಎತ್ತಿಕೊಂಡು ಹೊಡೆದ. ಇನ್ನೊಂದು ಹೆಜ್ಜೆ. ಕೊನೆಗೆ ಅವಳ ಕುತ್ತಿಗೆಯ ಹಿಂದೆಯೇ ನಿಂತು ಹೊಡೆಯುತ್ತಿದ್ದ. ಅಂಗಳದಲ್ಲಿ ಯಾರೂ ನಗುತ್ತಿರಲಿಲ್ಲ. ಹಂಚು ಅವನ ಕೈಯಲ್ಲೇ ಒಡೆಯಿತು. ಒಂದು ಚೂರು ಸಿಡಿದು ಅವಳ ಕಣ್ಣ ಮುಂದೆ ಬಿತ್ತು. ಅದನ್ನು ಎತ್ತಿಕೊಂಡು, ತಿರುಗಿ, ಅಪ್ಪ ಬೀಳಿಸಿದ್ದನ್ನು ತಾನು ಹುಡುಕಿಕೊಟ್ಟೆನೆಂಬ ಖುಷಿಯಲ್ಲಿ ಅವನ ಕೈಗೆ ಕೊಟ್ಟಳು.

ನನ್ನ ಮಾತು ಗೆದ್ದಿತ್ತು. ಎಲ್ಲಾದರೂ ಹೋಗಿ ಅಳಬೇಕು ಅನ್ನಿಸುತ್ತಿತ್ತು. ಅವನು ಆ ಚೂರನ್ನು ಕೈಯಲ್ಲಿ ಹಿಡಿದೇ ಕೇಳಿದ, “ನಾಳೆ ಎಷ್ಟಕ್ಕ ಬರಲ್ರಿ ಬೆಳಗಾವಿಗೆ?”

ಬೆಳಗಾವಿಯಲ್ಲಿ ನನಗೆ ಗೊತ್ತಿದ್ದ ಒಂದು ಕಿವಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಮೇಲೆ ಶುರುವಾದದ್ದು ಇನ್ನೊಂದು ಬಗೆಯ ಕಾಯುವಿಕೆ. ಡಾಕ್ಟರು ಕ್ಯಾಂಪಿಗೆ ಹೋಗಿದ್ದಾರೆ, ಗುರುವಾರ ಬನ್ನಿ. ಗುರುವಾರ ಹೋದರೆ ಪರೀಕ್ಷೆಯ ಕೋಣೆಯಲ್ಲಿ ಕರೆಂಟಿಲ್ಲ. ಕರೆಂಟು ಬಂದ ದಿನ ಹುಡುಗಿಗೆ ನೆಗಡಿ, ಕಿವಿಯಲ್ಲಿ ನೀರು ತುಂಬಿದೆ, ಮೊದಲು ಔಷಧ. ಪ್ರತಿ ಸಲವೂ ನನಗೆ ರಜೆ ಹಾಕಬೇಕು, ಅವನು ಕೆಲಸ ಬಿಡಬೇಕು, ಇಬ್ಬರೂ ಒಂದೇ ಉತ್ತರ ಕೇಳಿ ವಾಪಸು ಬರಬೇಕು. ನಾನು ಕೌಂಟರಿನಲ್ಲಿ ಜಗಳವಾಡುತ್ತಿದ್ದೆ. ಅವನು ಜಗಳವಾಡುತ್ತಿರಲಿಲ್ಲ, ಮಗಳ ಕೈ ಹಿಡಿದು ಬೆಂಚಿನ ಮೇಲೆ ಕೂತಿರುತ್ತಿದ್ದ. ಅವನ ಆ ತಾಳ್ಮೆ ಕಂಡರೂ ನನಗೆ ರೇಗುತ್ತಿತ್ತು.

ಕೊನೆಗೆ ಪರೀಕ್ಷೆಯಾಯಿತು. ಎರಡೂ ಕಿವಿ ಬಹಳ ಮಂದ. ಗಟ್ಟಿಯಾದ ಸದ್ದು ಎಲ್ಲೋ ಸ್ವಲ್ಪ ಮುಟ್ಟುತ್ತದೆ. ಕಿವಿಗೆ ಮಷಿನ್ ಹಾಕಿದರೆ ಕೇಳುತ್ತದೆ, ಆದರೆ ಕೇಳಿದ್ದನ್ನೆಲ್ಲ ಒಂದೊಂದಾಗಿ ಗುರುತು ಹಿಡಿಯಲು ಕಲಿಸಬೇಕು. ಇನ್ನೂ ಎರಡು ವರ್ಷ ಮೊದಲೇ ತಂದಿದ್ದರೆ ಸುಲಭವಿತ್ತು ಎಂದರು ಡಾಕ್ಟರು. ಯಾರಾದರೂ ಹೀಗೆ ಅಂದೇ ಅನ್ನುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಅದನ್ನು ಅವನೆದುರು ಅನ್ನಬೇಕಾಗಿರಲಿಲ್ಲ.

ಖಾನಾಪುರಕ್ಕೆ ವಾಪಸು ಹೋಗುವ ಅವರಿಬ್ಬರನ್ನು ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಬಂದಿದ್ದೆ. ಹುಡುಗಿ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವನು ನನ್ನ ಕಡೆ ನೋಡದೆ ಹೇಳಿದ. “ಕರದ್ರ ಬರತಿದ್ದಿಲ್ರಿ. ಎಷ್ಟ ಕರದ್ರೂ ಬರತಿದ್ದಿಲ್ಲ. ಹಠ ಮಾಡತಾಳಂತ ಹೊಡದೇನ್ರಿ ಅಕ್ಕಾರ. ಭಾಳ ಸಲ ಹೊಡದೇನಿ.”

ಇಷ್ಟು ದಿನ ಅವನ ಮೇಲೆ ಕಾರಿದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಬಸ್ಸು ಬಂತು, ಹತ್ತಿ ಹೋದರು.

ಮಷಿನ್ ಬರಲು ಇನ್ನಷ್ಟು ದಿನ ಹಿಡಿಯಿತು. ಅಷ್ಟರಲ್ಲಿ ದಸರಾ ಸೂಟಿ ಮುಗಿದಿತ್ತು. ಮರಾಠಿ ಶಾಲೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಹೆಡ್ ಮಾಸ್ತರರು, ಹುಡುಗಿ ಉಳಿದಳಲ್ಲ ಎಂದು ನನ್ನ ಬೆನ್ನು ತಟ್ಟಿದರು. ನನಗೆ ಅವರ ಕೈ ಸರಿಸಬೇಕೆನ್ನಿಸಿತು. ವಸ್ತುಗಳ ಪಾಠ ಇನ್ನೂ ಮುಗಿಸಿಲ್ಲವೇಕೆ ಎಂದು ಮೇಲಿನಿಂದ ಒಂದು ಮೆಸೇಜೂ ಬಂದಿತ್ತು. ಅದಕ್ಕೆ ನಾನು ಉತ್ತರ ಬರೆಯಲಿಲ್ಲ.

ಮಷಿನ್ ಹಾಕುವ ದಿನ ಮೂವರೂ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿದ್ದೆವು. ಅಲ್ಲಿ ಕೆಲಸ ಮಾಡುವ ತರುಣಿಯೊಬ್ಬಳು ಹುಡುಗಿಯ ಎರಡೂ ಕಿವಿಗೆ ಮಷಿನ್ ಕೂರಿಸಿ, ಗುಂಡಿ ತಿರುಗಿಸಿ ಸರಿ ಮಾಡಿದಳು. ಹುಡುಗಿ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಎದುರಿಗೆ ಆ ತರುಣಿ, ಪಕ್ಕದಲ್ಲಿ ನಾನು. ಅಪ್ಪನನ್ನು ಹಿಂದೆ ನಿಲ್ಲಿಸಿ ತರುಣಿ ಹೇಳಿದಳು, “ಈಗ ಕರೀರಿ.”

ಅವನು ಕರೆದ. ಅಭ್ಯಾಸಬಲ, ಅಂಗಳದಾಚೆಯಿಂದ ಕರೆಯುವ ಹಾಗೆ ಗಟ್ಟಿಯಾಗಿ ಕೂಗಿದ. ಹುಡುಗಿ ಬೆಚ್ಚಿ, ಭುಜ ಕುಗ್ಗಿಸಿ, ತೋಳನ್ನು ಮುಖಕ್ಕೆ ಅಡ್ಡ ಹಿಡಿದಳು. ಹೊಡೆತ ಬೀಳುತ್ತದೆಂದು ಕಾಯುವ ಮಗು ಹಾಗೆ ಹಿಡಿಯುತ್ತದೆ. ಅದನ್ನು ನಾನು ನೋಡಿದೆ, ಅವನೂ ನೋಡಿದ.

“ಚೀರಬ್ಯಾಡ್ರಿ. ನನ್ನ ಜೋಡಿ ಮಾತಾಡಿದಂಗ ಮೆಲ್ಲಕ ಕರೀರಿ,” ಎಂದಳು ತರುಣಿ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಮನೆಯಲ್ಲಿ ಕರೆಯುವ ಹೆಸರಿನಿಂದ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಕರೆದ. ಹುಡುಗಿ ತೋಳು ಕೆಳಗಿಳಿಸಿದಳು. ಮುಖದ ಮೇಲಿನ ಭಯ ಹೋಯಿತು. ಅವನು ಇನ್ನೊಮ್ಮೆ ಕರೆದ. ಯಾರೋ ಪ್ರೀತಿಯಿಂದ ಮಾತಾಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು, ಯಾರೆಂದು ಹುಡುಕತೊಡಗಿದಳು. ಆ ತರುಣಿಯ ಬಾಯಿ ನೋಡಿದಳು, ಮುಚ್ಚಿತ್ತು. ನನ್ನ ಬಾಯಿ ನೋಡಿದಳು, ಮುಚ್ಚಿತ್ತು. ಅರ್ಧ ತೆರೆದ ಬಾಗಿಲ ಕಡೆ ಕತ್ತು ಚಾಚಿ ನೋಡಿದಳು. ಅಪ್ಪ ಮೂರನೆಯ ಸಲ ಕರೆದ. ಅವಳು ಹಿಂತಿರುಗಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಅಷ್ಟು ಮೆತ್ತಗಿನ ದನಿ ಅವನದಿರಲಾರದೆಂದು, ಮತ್ತೆ ಬಾಗಿಲ ಕಡೆಗೇ ತಿರುಗಿದಳು.